ಅಪ್ಪನ ಹಾಡಿನ ಕೊನೆಯ ಸಾಲು

ನಮ್ಮೂರಿನಲ್ಲಿ ಯಾರೂ ಹಾಡನ್ನು ಪೂರ್ತಿ ಹಾಡುವುದಿಲ್ಲ. ಮದುವೆ ಮನೆಯ ವಾಲಗದವರಾಗಲಿ, ಬಚ್ಚಲಲ್ಲಿ ನೀರು ಹುಯ್ದುಕೊಳ್ಳುವವರಾಗಲಿ, ಕೊನೆಯ ಸಾಲು ಬರುವ ಹೊತ್ತಿಗೆ ನಿಲ್ಲಿಸಿಬಿಡುತ್ತಾರೆ. ಕೇಳುತ್ತ ಕೂತವರು "ಇರಲಿ" ಅನ್ನುತ್ತಾರೆ. ಅಷ್ಟಕ್ಕೆ ಎಲ್ಲರಿಗೂ ಸಮಾಧಾನ. ರೇಡಿಯೋ ಇರುವ ಮನೆಯಲ್ಲಿ ಹಾಡು ಮುಗಿಯುತ್ತ ಬಂದಾಗ ಯಾರಾದರೊಬ್ಬರು ಎದ್ದು ಹೋಗಿ ಅದರ ಕಿವಿ ಹಿಂಡುತ್ತಾರೆ. ಟಾಕೀಸಿನಲ್ಲಿ ಆ ಕೆಲಸಕ್ಕೆಂದೇ ಒಬ್ಬನಿದ್ದಾನೆ. ಒಂದು ಸಂಜೆ ಅವನು ಬೀಡಿ ಸೇದಲು ಹೋಗಿ ತಡಮಾಡಿದ್ದರಿಂದ ಆ ವರ್ಷದ ಬಲು ಒಳ್ಳೆಯ ಹಾಡೊಂದು ಊರಿಗೇ ಇಲ್ಲದಂತಾಯಿತು. ಜನ ಅವನನ್ನು ಇನ್ನೂ ಕ್ಷಮಿಸಿಲ್ಲ, ಆದರೆ ಯಾವ ಹಾಡಿಗೋಸ್ಕರ ಕ್ಷಮಿಸಿಲ್ಲ ಎಂಬುದು ಯಾರಿಗೂ ನೆನಪಿಲ್ಲ.

ತುದಿಯವರೆಗೆ ಒಂದೇ ಸಲಕ್ಕೆ ಹಾಡಿದ ಹಾಡು ಮಾರನೆಯ ದಿನ ನಮ್ಮೂರಿನ ಯಾರ ಬಾಯಲ್ಲೂ ಇರುವುದಿಲ್ಲ. ಹಾಡಿದವರಿಗೂ ಬರುವುದಿಲ್ಲ, ಕೇಳಿದವರಿಗೂ ಬರುವುದಿಲ್ಲ. ಬೇರೆಯವರು ಹಾಡಿ ತೋರಿಸಿದರೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಹಾಗೆಂದು ನಾವೇನೂ ಹೆದರಿಕೊಂಡು ಬದುಕುವವರಲ್ಲ. ಮನೆಮನೆಗೂ ಒಂದು ಹಾಡು ಇರುತ್ತದೆ. ಹಿರಿಯರು ಅದನ್ನು ಮಕ್ಕಳಿಗೆ ಕಲಿಸುವಾಗ ಕೊನೆಯ ಸಾಲೊಂದನ್ನು ಮಾತ್ರ ಬೇರೆ ದಿನ, ಬೇರೆ ಜಾಗದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಇನ್ನು ಸಾಕು ಅನ್ನಿಸಿದ ದಿನ ಕೆಲವರು ತಮ್ಮ ಹಾಡನ್ನು ತಾವೇ ಪೂರ್ತಿ ಹಾಡಿ ಮುಗಿಸುವುದೂ ಉಂಟು. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ನಮ್ಮ ಬೀದಿಯ ಪೋಸ್ಟ್‌ಮಾಸ್ಟರು ಹಾಗೆ ಮುಗಿಸಿದವರು. ಅಂದಿನಿಂದ ಅವರು ಹಗುರವಾಗಿ ನಡೆಯುತ್ತಾರೆ ಎಂದು ಅಮ್ಮ ಹೇಳುತ್ತಾಳೆ. ನನಗೆ ಕಂಡಂತೆ ಅವರು ಮೊದಲೂ ಹಾಗೆಯೇ ನಡೆಯುತ್ತಿದ್ದರು.

ನಾನು ಪಾಲಿಟೆಕ್ನಿಕ್ಕಿನ ಕೊನೆಯ ವರ್ಷದಲ್ಲಿದ್ದಾಗ ನಮ್ಮ ಮರಿಸ್ವಾಮಿ ಮೇಷ್ಟ್ರಿಗೆ ಒಂದು ಹುಚ್ಚು ಹಿಡಿಯಿತು. ಬಂದರು ಪಟ್ಟಣದ ಒಂದು ಕಾಲೇಜಿನವರ ಜೊತೆ ಸೇರಿ, ಅವರು ಅಲ್ಲಿ ನಾವು ಇಲ್ಲಿ ಕೂತು, ಆನ್‌ಲೈನಿನಲ್ಲಿ ಒಟ್ಟಿಗೆ ಸಂಗೀತ ನುಡಿಸಬೇಕು ಎಂದು. ನಮ್ಮ ಕಡೆಯಿಂದ ಹಾರ್ಮೋನಿಯಂ ಬಾರಿಸುವ ನಾನು, ತಬಲಾ ಬಾರಿಸುವ ಇಮ್ತಿಯಾಜ್. ಆ ಕಡೆಯಿಂದ ಪಿಟೀಲಿನ ಐರಿನ್. ಇಮ್ತಿಯಾಜ್ ಬೆರಳಿಗಿಂತ ತಲೆಯಲ್ಲಿ ಚುರುಕು, ಪ್ರೋಗ್ರಾಂ ಬರೆಯುವುದೆಲ್ಲ ಅವನೇ. ಐರಿನ್‌ಳನ್ನು ನಾನು ಪರದೆಯ ಮೇಲೆ ಬಿಟ್ಟರೆ ಇವತ್ತಿಗೂ ಕಣ್ಣಾರೆ ಕಂಡಿಲ್ಲ, ಆದರೆ ಅವಳು ಯಾವಾಗ ಸುಳ್ಳು ಹೇಳುತ್ತಾಳೆ ಎಂಬುದು ನನಗೆ ಗೊತ್ತಾಗುತ್ತದೆ.

ಮೊದಲ ದಿನವೇ ಗೊತ್ತಾಗಿದ್ದು, ನಾನು ಬಾರಿಸಿದ್ದು ಅವಳಿಗೆ ತಡವಾಗಿ ಮುಟ್ಟುತ್ತದೆ, ಅವಳು ಬಾರಿಸಿದ್ದು ನನಗೆ ಇನ್ನೂ ತಡವಾಗಿ. ತಾಳ ಎಲ್ಲೋ, ರಾಗ ಎಲ್ಲೋ. ನೀನು ಕಾಯುತ್ತಿಲ್ಲ ಎಂದು ನಾನು, ನೀನೇ ಎಳೆಯುತ್ತಿದ್ದೀ ಎಂದು ಅವಳು. ಜಗಳ ಬಿಡಿಸುವುದಕ್ಕಾಗಿ ಇಮ್ತಿಯಾಜ್ ಒಂದು ಪ್ರೋಗ್ರಾಂ ಮಾಡಿದ. ನಾವು ಬಾರಿಸಿದ್ದನ್ನು ಅದು ಕೇಳಿ ಕೇಳಿ ನಮ್ಮ ಬೆರಳಿನ ಚಾಳಿ ಕಲಿಯುತ್ತದೆ. ಮುಂದೆ ಏನು ಬಾರಿಸುತ್ತೇವೆ ಎಂದು ಮೊದಲೇ ಊಹಿಸಿ ಆ ಕಡೆಯ ಸ್ಪೀಕರಿನಲ್ಲಿ ನುಡಿಸಿಬಿಡುತ್ತದೆ. ಊಹೆ ಸರಿಯಾದರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತ ಹಾಗೆ. ಹೇಳಿಕೊಟ್ಟಿದ್ದನ್ನು ಒಪ್ಪಿಸುವುದರಿಂದ ಅದಕ್ಕೆ ನಾವು ಗಿಳಿ ಎಂದು ಹೆಸರಿಟ್ಟೆವು.

ಗಿಳಿಗೆ ಕಲಿಯಲು ಹಾಡು ಬೇಕು. ಊರಿನಲ್ಲಿ ಯಾರು ಯಾರ ಹತ್ತಿರ ಯಾವ ರೆಕಾರ್ಡಿಂಗ್ ಇತ್ತೋ ಎಲ್ಲವನ್ನೂ ತಂದು ಅದಕ್ಕೆ ಉಣಿಸಿದೆವು. ಮದುವೆಯದು, ಶಾಲೆಯ ವಾರ್ಷಿಕೋತ್ಸವದ್ದು, ಬಳೆ ಅಂಗಡಿಯ ಸಾವಂತ್ರಮ್ಮ ಮೊಮ್ಮಗನಿಗೆ ಹಾಡಿದ್ದು. ಒಂದಕ್ಕೂ ಕೊನೆಯಿಲ್ಲ. ಅದೊಂದು ತೊಡಕಾಗುತ್ತದೆ ಎಂದು ನಮಗೆ ಹೊಳೆಯಲೂ ಇಲ್ಲ, ಮೀನಿಗೆ ನೀರು ಕಾಣದ ಹಾಗೆ. ಗಿಳಿ ಸೊಗಸಾಗಿ ಕಲಿಯಿತು. ಆದರೆ ಯಾವ ಹಾಡು ಹಿಡಿದರೂ ಕೊನೆಗೆ ಬರುವಾಗ ಥಟ್ಟನೆ ನಿಂತು, ನೂರಾರು ಜನರ ದನಿ ಕಲಸಿದಂಥ ಒಂದು ಸದ್ದು ಮಾಡುತ್ತಿತ್ತು. ಸ್ವಲ್ಪ ಕೆಮ್ಮು, ಕುರ್ಚಿ ಸರಿಸಿದ್ದು, ಅದರ ನಡುವೆ ಮೆಲ್ಲಗೆ "ಇರಲಿ." ಐರಿನ್ ಪಿಟೀಲು ಕೆಳಗಿಟ್ಟು ಕೇಳಿದಳು, "ಎಂತ ಮಾರಾಯ್ತಿ, ನಿಮ್ಮ ಗಿಳಿಗೆ ಹುಷಾರಿಲ್ವಾ?" ನಾನು ನಮ್ಮೂರಿನ ಪದ್ಧತಿ ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ತಮ್ಮ ಕಡೆ ಹಾಗೇನೂ ಆಗುವುದಿಲ್ಲ, ಎಷ್ಟು ಸಲ ಮುಗಿಸಿದರೂ ಹಾಡು ಅಲ್ಲೇ ಇರುತ್ತದೆ ಎಂದಳು. ಅದನ್ನು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಇನ್ನು ಅಪ್ಪನ ವಿಷಯ. ಅಪ್ಪನ ಹೆಸರು ಪುಟ್ಟರಂಗ. ತರಕಾರಿ ಮಾರ್ಕೆಟ್ಟಿನ ಪಕ್ಕದಲ್ಲಿ ಟೈಲರ್ ಅಂಗಡಿ. ಶಾಲೆಯ ಯೂನಿಫಾರ್ಮು, ಹೆಂಗಸರ ರವಿಕೆ, ಹಬ್ಬ ಬಂದರೆ ಮಕ್ಕಳ ಲಂಗ. ಹೊಲಿಗೆ ಮಿಷನ್ ತುಳಿಯುತ್ತ ಒಂದು ರಾಗವನ್ನು ಗುನುಗುವುದು ಅವನ ಅಭ್ಯಾಸ. ಅದಕ್ಕೆ ಮಾತಿಲ್ಲ, ಬರೀ ರಾಗ. ಕೆಲಸ ಕಲಿಸಿದ ಸೋದರಮಾವನಿಂದ ಅವನಿಗೆ ಬಂದದ್ದು. ನಾನು ಅದನ್ನು ಕೇಳುತ್ತಲೇ ಚಿಂದಿ ಬಟ್ಟೆಯ ರಾಶಿಯಲ್ಲಿ ಮಲಗಿ ಬೆಳೆದವಳು. ಕೊನೆಯ ಸಾಲನ್ನು ಮಾತ್ರ ಅಪ್ಪ ನನಗೆ ಹೇಳಿಕೊಟ್ಟಿರಲಿಲ್ಲ. ಕೇಳಿದಾಗಲೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಆಮೇಲೆ ಎಂದು ಕೈ ಬೀಸುತ್ತಿದ್ದ. ಕೊಟ್ಟುಬಿಟ್ಟರೆ ತನ್ನ ಕೆಲಸ ಮುಗಿದಂತೆ ಎಂದು ಅವನಿಗೆ ಅನ್ನಿಸುತ್ತಿತ್ತೋ ಏನೋ.

ಆ ವರ್ಷ ಅಪ್ಪನ ದನಿ ಒಡೆಯತೊಡಗಿತು. ಶೀತ ಎಂದ, ಬಟ್ಟೆಯ ಧೂಳು ಎಂದ. ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು, ಜೀವ ಉಳಿಯಬೇಕಾದರೆ ಗಂಟಲಿನಲ್ಲಿರುವ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಅಪ್ಪ ತಲೆಯಾಡಿಸಿದ. ದಾರಿಯಲ್ಲಿ ಬಸ್ಸಿನಲ್ಲಿ ಅವನು ಆಡಿದ ಮಾತೆಲ್ಲ ಒಪ್ಪಿಕೊಂಡ ಬಟ್ಟೆಗಳನ್ನು ಯಾರಿಗೆ ಹೊಲಿಯಲು ಕೊಡುವುದು ಎಂಬುದೇ.

ನಾನು ಮಾರನೆಯ ದಿನವೇ ಮೈಕು ತಂದು ಅಂಗಡಿಯಲ್ಲಿ ಅವನ ಹಾಡನ್ನು ರೆಕಾರ್ಡು ಮಾಡಿದೆ. ಒಡೆದ ದನಿಯಲ್ಲೇ ಹಾಡಿದ, ಮಿಷನ್ ತುಳಿಯುತ್ತಲೇ ಹಾಡಿದ, ತುಳಿಯದೆ ಹಾಡಲು ಅವನಿಗೆ ಬರುತ್ತಿರಲಿಲ್ಲ. ಕೊನೆಯ ಸಾಲಿಗೆ ನಿಲ್ಲಿಸಿದ. ನಾಳೆ ಮನೆಯಲ್ಲಿ ಕೂತು ಆ ಸಾಲು ಹೇಳಿಕೊಡು ಎಂದು ಕೇಳಿದೆ. "ಅಷ್ಟೇನು ಅರ್ಜೆಂಟು, ಆಸ್ಪತ್ರೆಯಿಂದ ಬಂದ ಮೇಲೆ ಆಯ್ತು" ಎಂದ. ಬಂದ ಮೇಲೆ ದನಿಯೇ ಇರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಹಾಗೆ ಹೇಳಿದ. ಭಯದಲ್ಲಿದ್ದವನನ್ನು ಒತ್ತಾಯ ಮಾಡಲು ನನಗೆ ಮನಸ್ಸು ಬರಲಿಲ್ಲ.

ಅಪ್ಪ ಉಳಿದ. ಕತ್ತಿನ ಮುಂದೆ ಒಂದು ತೂತು, ಅದರ ಮೇಲೆ ಅವನೇ ಹೊಲಿದುಕೊಂಡ ತೆಳ್ಳನೆಯ ಬಟ್ಟೆ. ಉಸಿರು ಈಗ ಅಲ್ಲಿಂದಲೇ. ಮಾತಿಲ್ಲ, ಗುನುಗಿಲ್ಲ, ಸಿಳ್ಳೆ ಹಾಕುವುದಕ್ಕೂ ಬಾಯಿಗೆ ಗಾಳಿ ಬರುವುದಿಲ್ಲ. ಊಟ ಮಾಡಿದ, ಮೈ ಚೇತರಿಸಿಕೊಂಡ, ಅಂಗಡಿ ತೆರೆದ. ಆದರೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಬಟ್ಟೆ ಇಲ್ಲದಿದ್ದರೂ ಮಿಷನ್ ತುಳಿಯುವನು. ಊಟದ ಮುಂದೆ ಕೂತರೆ ತಟ್ಟೆಯ ಪಕ್ಕದಲ್ಲಿ ಪಾದ ಆಡುವುದು. ನಿದ್ದೆಯಿಲ್ಲದೆ ಕಣ್ಣು ಕೆಂಪಗಾಗಿತ್ತು. ನಮ್ಮೂರಿನಲ್ಲಿ ಇದನ್ನು ಹಾಡು ಸಿಕ್ಕಿಕೊಳ್ಳುವುದು ಅನ್ನುತ್ತಾರೆ. ಕೊಡಲೂ ಆಗದೆ ಮುಗಿಸಲೂ ಆಗದೆ ಉಳಿದ ಹಾಡು ಒಳಗೇ ಸುತ್ತು ಹೊಡೆಯುತ್ತದೆ. ಮೊದಲಿನಿಂದ ಬರುತ್ತದೆ, ಕೊನೆಯ ಸಾಲಿಗೆ ಮುಟ್ಟುತ್ತದೆ, ತಿರುಗಿ ಮೊದಲಿಗೆ. ಹಾಗೆ ಆಗಿ ಬಡಕಲಾಗಿ ಹೋದವರನ್ನು ನಾವು ನೋಡಿದ್ದೇವೆ. ಅಮ್ಮ ಒಂದು ದಿನ ಅಪ್ಪನ ಪಾದವನ್ನು ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡು ಕೂತಿದ್ದಳು. ಅದನ್ನು ಕಂಡು ನನಗೆ ಅಳು ಬಂತು.

ಆ ಸಾಲು ಅಪ್ಪನ ತಲೆಯೊಳಗೆ ಮಾತ್ರ ಇತ್ತು. ಹೊರಗೆ ತರುವುದು ಹೇಗೆ? ಹಾರ್ಮೋನಿಯಂ ಮುಂದೆ ಕೂರಿಸಿದೆ. ಎಂದೂ ವಾದ್ಯ ಮುಟ್ಟದವನು, ಒಂದೊಂದೇ ಸ್ವರದ ಮನೆಯನ್ನು ಗುಂಡಿ ಒತ್ತಿದ ಹಾಗೆ ಒತ್ತಿ, ಇದಲ್ಲ ಎಂದು ಕೈ ತೆಗೆದ. ಕೇಳಿದರೆ ಸರಿ ತಪ್ಪು ಗೊತ್ತಾಗುತ್ತದೆ, ಬೆರಳಿಗೆ ಬರುವುದಿಲ್ಲ. ಹಾಗಾದರೆ ಗಿಳಿಯನ್ನೇ ಕೇಳೋಣ ಎಂದು ನಾನು ಇಮ್ತಿಯಾಜ್‌ಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. "ಲೇ ದಾಕ್ಷಿ, ಕೊನೆ ಅನ್ನೋದನ್ನೇ ಅದು ಹುಟ್ಟಿದಾಗಿಂದ ಕೇಳಿಲ್ಲ. ಕೇಳದೆ ಇರೋದನ್ನ ಎಲ್ಲಿಂದ ತರ್ತದೆ?" ಅದು ನಿಜ. ಅಪ್ಪನ ರೆಕಾರ್ಡಿಂಗ್ ಕೊಟ್ಟರೆ ಗಿಳಿ ಅವನ ದನಿಯಲ್ಲೇ ಕೊನೆಯ ಸಾಲಿನವರೆಗೂ ಹೋಗಿ "ಇರಲಿ" ಅನ್ನುತ್ತಿತ್ತು. ಆಗ ನೆನಪಾದದ್ದು ಐರಿನ್. ಅವಳ ಕಡೆಯ ಹಾಡುಗಳಿಗೆಲ್ಲ ಕೊನೆಯಿದೆ.

ವಿಷಯ ಹೇಳಿದಾಗ ಅವಳು ಪಿಟೀಲು ಕೈಗೆತ್ತಿಕೊಂಡಳು. ಆಮೇಲೆ ತನ್ನ ಚರ್ಚಿನ ಹಾಡು, ಮೀನಿನವರ ಹಾಡು, ಅಜ್ಜನ ಕಾಲದ ಕುಣಿತದ ಹಾಡು ಎಲ್ಲದರ ಕೊನೆಯನ್ನೂ ಗಿಳಿಗೆ ನುಡಿಸಿಕೊಟ್ಟಳು. ನಾವು ಒಂದು ಎಚ್ಚರಿಕೆ ಮಾಡಿಕೊಂಡೆವು. ಅಪ್ಪನ ಹಾಡನ್ನು ಒಂದು ದಿನ ಕೇಳುವುದು, ಕೊನೆಯ ಸಾಲಿನ ಹುಡುಕಾಟ ಮತ್ತೊಂದು ದಿನ. ಎರಡೂ ಒಟ್ಟಿಗೆ ಕೂಡಬಾರದು. ಅಪ್ಪಿತಪ್ಪಿ ಕೂಡಿ, ಅದು ಸರಿಯಾದ ಸಾಲೇ ಆಗಿಬಿಟ್ಟರೆ ಹಾಡು ಹೋಯಿತು.

ಕಾಲೇಜಿನಿಂದ ಕಂಪ್ಯೂಟರು, ಸ್ಪೀಕರು ಎಲ್ಲ ಅಂಗಡಿಗೆ ಬಂದವು. ಗಿಳಿ ಒಂದು ಸಾಲು ಊಹಿಸಿ ನುಡಿಸುವುದು, ಅಪ್ಪ ತಲೆ ಅಲ್ಲಾಡಿಸುವುದು. ಬರೀ ಅಲ್ಲ ಅಂದರೆ ಗಿಳಿಗೆ ಏನು ತಿಳಿದೀತು? ಕೊನೆಗೆ ಅಪ್ಪನೇ ದಾರಿ ಕಂಡುಕೊಂಡ. ಕೊರಳಲ್ಲಿ ನೇತಾಡುತ್ತಿದ್ದ ಅಳತೆಯ ಟೇಪನ್ನು ತೆಗೆದು, ಒಂದು ತುದಿಯನ್ನು ಕಾಲ್ಬೆರಳಿನ ಕೆಳಗೆ ಒತ್ತಿಕೊಂಡು, ಇನ್ನೊಂದನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಮತ್ತೊಂದು ಕೈಯನ್ನು ಟೇಪಿನ ಮೇಲೆ ಏರಿಸಿ ಇಳಿಸಿ ತೋರಿಸಿದ. ಸ್ವರ ಇಷ್ಟು ಮೇಲೆ, ಇಲ್ಲಿಂದ ಜಾರಿ ಇಷ್ಟು ಕೆಳಗೆ. ಐರಿನ್ ಪರದೆಗೆ ಮೂಗು ತಾಗಿಸಿ ನೋಡುತ್ತ, "ಅಂಕಲ್, ಇನ್ನೂ ಅರ್ಧ ಇಂಚು ಕೆಳಗಾ?" ಎಂದು ಕೇಳಿ ಪಿಟೀಲಿನಲ್ಲಿ ಜಾರಿಸಿ ತೋರಿಸುವಳು. ಅವಳು ತೋರಿಸಿದ್ದನ್ನು ಗಿಳಿ ಕಲಿಯುವುದು. ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ನೋಡಿ, ಪುಟ್ಟರಂಗಣ್ಣ ಗಾಳಿಗೆ ಅಂಗಿ ಹೊಲೀತಾ ಇದ್ದಾನೆ ಎಂದು ಸುದ್ದಿ ಹಬ್ಬಿಸಿದರು.

ಸುಲಭವಾಗೇನೂ ಸಿಗಲಿಲ್ಲ. ಅಪ್ಪನೂ ಕೆಲವೊಮ್ಮೆ ತಪ್ಪುತ್ತಿದ್ದ. ಒಂದು ದಿನ ಇದೇ ಎಂದು ಕೈಯೆತ್ತಿ ಕುಣಿದಾಡಿದ, ಅಮ್ಮ ಪಾಯಸ ಮಾಡಿದಳು, ಅದನ್ನು ಬಡಿಸುವ ಹೊತ್ತಿಗೆ ಇದಲ್ಲ ಎಂದು ತಲೆ ಅಲ್ಲಾಡಿಸಿದ. ಇಮ್ತಿಯಾಜ್ ಆ ದಿನ ಸಿಟ್ಟು ಮಾಡಿಕೊಂಡು ಮನೆಗೆ ಹೋದ. ಹೋಗುವಾಗ ಪಾಯಸ ಕುಡಿದೇ ಹೋದ ಅನ್ನಿ. ಇನ್ನೊಂದು ಸಲ ನನಗೂ ಅಪ್ಪನಿಗೂ ಜಗಳವಾಯಿತು. ಬೈಯಲು ದನಿಯಿಲ್ಲದ ಅಪ್ಪ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ. ನಾನು ಎರಡು ಮಾತು ಹೆಚ್ಚಾಗಿಯೇ ಆಡಿದೆ. ಆಮೇಲೆ ಇಬ್ಬರೂ ಕಾಜ ಹೊಲಿಯುತ್ತ ಕೂತೆವು.

ಸಿಕ್ಕಿದ ದಿನ ಯಾರಿಗೂ ಅದರ ಸುಳಿವಿರಲಿಲ್ಲ. ಗಿಳಿ ಎಂದಿನಂತೆ ಒಂದು ಸಾಲು ನುಡಿಸಿತು, ಅಪ್ಪನ ದನಿಯಲ್ಲಿ, ಐರಿನ್‌ಳ ಜಾರಿಕೆಯಲ್ಲಿ. ಅಪ್ಪ ಟೇಪು ಎತ್ತಲಿಲ್ಲ. ಇನ್ನೊಮ್ಮೆ ಎಂದು ಬೆರಳು ತೋರಿಸಿದ. ಇನ್ನೊಮ್ಮೆ ನುಡಿಸಿತು. ಅಪ್ಪನ ಕೈ ಮೆಲ್ಲಗೆ ತೊಡೆಯ ಮೇಲೆ ಬಂದು ಕೂತಿತು, ಕಣ್ಣಿಂದ ನೀರು ಇಳಿಯಿತು. ನನ್ನ ಗಲ್ಲ ಹಿಡಿದು ಅಲ್ಲಾಡಿಸಿದ. ನಾನು ಆ ಸಾಲನ್ನು ಹಾಡಿದೆ. ಸರಿ ಎಂದು ತಲೆಯಾಡಿಸಿದ. ಕೊನೆಗೂ ಅಪ್ಪ ನನಗೆ ಅದನ್ನು ಕೊಟ್ಟ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇನ್ನು ಈ ಹಾಡು ನನ್ನದು, ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡು ಮನೆಯ ದಾರಿಯುದ್ದಕ್ಕೂ ಬೇರೇನೋ ಹಾಡಿಕೊಂಡು ಬಂದೆ.

ಆದರೆ ಅಪ್ಪನ ಕಾಲು ನಿಲ್ಲಲಿಲ್ಲ. ಕೊಟ್ಟ ಮೇಲಾದರೂ ನಿಲ್ಲಬೇಕಿತ್ತು. ನಾಲ್ಕು ದಿನ ಕಾದು ನೋಡಿದೆ. ಐದನೆಯ ದಿನ ಅಪ್ಪ ನನ್ನನ್ನು ಹತ್ತಿರ ಕರೆದು, ಒಂದು ಅಂಗಿಯ ಅಂಚನ್ನು ತುದಿಯವರೆಗೂ ಹೊಲಿದು, ಬಟ್ಟೆಯನ್ನು ಮಿಷನ್ನಿನಿಂದ ಎಳೆದ. ಸೂಜಿಯಿಂದ ಬಟ್ಟೆಗೆ ದಾರ ನೇತಾಡುತ್ತಿತ್ತು. ಅದನ್ನು ನನಗೆ ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಕತ್ತರಿಯನ್ನು ನನ್ನ ಕೈಗೆ ಕೊಟ್ಟ. ಹಾಡನ್ನು ಪೂರ್ತಿ ಮುಗಿಸಿ ತನ್ನನ್ನು ಬಿಡಿಸು ಎನ್ನುತ್ತಿದ್ದಾನೆ ಎಂದು ನನಗೆ ಅರ್ಥವಾಯಿತು. ಅರ್ಥವಾಗದವಳ ಹಾಗೆ ಕತ್ತರಿಯನ್ನು ಮೇಜಿನ ಮೇಲಿಟ್ಟು ಹೊರಟುಬಂದೆ.

ಮನೆಯಲ್ಲಿ ಅಮ್ಮನ ಮುಂದೆ ಕೂಗಾಡಿದೆ. ಇಷ್ಟು ದಿನ ಒದ್ದಾಡಿದ್ದು ಕಳೆದುಕೊಳ್ಳುವುದಕ್ಕಾ? ಅವನ ದನಿಯಂತೂ ಹೋಯಿತು, ಹಾಡಾದರೂ ನನ್ನ ಹತ್ತಿರ ಇರಬಾರದಾ? ಅಮ್ಮ ಅಕ್ಕಿ ಆರಿಸುತ್ತಿದ್ದಳು. ನನ್ನ ಕೂಗಾಟ ಮುಗಿಯುವವರೆಗೂ ತಲೆಯೆತ್ತಲಿಲ್ಲ. ಆಮೇಲೆ ಹೇಳಿದಳು, "ನಿನಗೆ ಬೇಕು, ಸರಿ. ಯಾರಿಗೆ ಬೇಡ? ಆದ್ರೆ ಅವರು ನಿದ್ದೆ ಮಾಡಿ ಎಷ್ಟು ದಿನ ಆಯ್ತು, ಅದನ್ನ ಹೇಳು. ಅವರ ಬಾಯಲ್ಲೇ ಮುಗೀಬೇಕಿತ್ತು. ಬಾಯಿಲ್ಲ. ನೀನಿದ್ದೀಯ, ನಿನ್ನ ಆ ಗಿಳಿ ಇದೆ." ಅಷ್ಟು ಹೇಳಿ ಮೊರ ಕೊಡವಿದಳು. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಭಾನುವಾರ ಮಧ್ಯಾಹ್ನ, ಮಾರ್ಕೆಟ್ಟು ಮುಚ್ಚಿದ ಮೇಲೆ, ಅಂಗಡಿಯಲ್ಲಿ ಸೇರಿದೆವು. ಗಿಳಿ ಅಪ್ಪನ ದನಿಯಲ್ಲಿ ಹಾಡುವುದು, ಐರಿನ್ ಅಲ್ಲಿಂದ ಪಿಟೀಲು, ಇಮ್ತಿಯಾಜ್ ತಬಲಾ, ನಾನು ಹಾರ್ಮೋನಿಯಂ. ತಾಳಕ್ಕೆ ಅಪ್ಪನ ಮಿಷನ್. ಯಾರು ಹೇಳಿದರೋ, ಬೀದಿಯವರು ಬಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಬೇಡವೆನಿಸಿದರೆ ಗಿಳಿಯನ್ನು ನಿಲ್ಲಿಸುವ ಗುಂಡಿ ನನ್ನ ಎಡಗೈಯ ಹತ್ತಿರವೇ ಇತ್ತು. ಬೇಕೆಂದೇ ಅಲ್ಲಿ ಇಟ್ಟುಕೊಂಡಿದ್ದೆ.

ಅಪ್ಪ ತುಳಿಯತೊಡಗಿದ. ಅವನ ದನಿ ಸ್ಪೀಕರಿನಿಂದ ಬಂತು, ಒಡೆದಿದ್ದ ಅದೇ ದನಿ, ಹಿಂದೆ ಅದೇ ಮಿಷನ್ನಿನ ಸದ್ದು. ಈಗ ತುಳಿಯುವ ಸದ್ದೂ ಅದೂ ಒಂದರ ಮೇಲೊಂದು ಕೂತಿತು. ಐರಿನ್ ದೂರದಲ್ಲಿದ್ದಾಳೆ ಅನ್ನಿಸಲೇ ಇಲ್ಲ, ಕಟಿಂಗ್ ಮೇಜಿನ ಆಚೆ ಕೂತ ಹಾಗಿತ್ತು. ನಾವು ಅಷ್ಟು ಚೆನ್ನಾಗಿ ಅದಕ್ಕೆ ಮೊದಲು ಎಂದೂ ಬಾರಿಸಿರಲಿಲ್ಲ. ಕೊನೆಯ ಸಾಲು ಹತ್ತಿರ ಬಂದಾಗ ಹೊರಗಿದ್ದವರು ಅಭ್ಯಾಸದಂತೆ ಉಸಿರು ಹಿಡಿದರು. ನನ್ನ ಬೆರಳು ಗುಂಡಿಯ ಮೇಲಿತ್ತು. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದ, ಬಾಯಿ ಹಾಡುವವನ ಹಾಗೆ ಅಲ್ಲಾಡುತ್ತಿತ್ತು. ಆ ಬಾಯನ್ನು ನೋಡಿ ನಾನು ಬೆರಳು ತೆಗೆದೆ. ಕೊನೆಯ ಸಾಲು ಬಂತು, ಹೋಯಿತು. ಯಾರೂ "ಇರಲಿ" ಅನ್ನಲಿಲ್ಲ. ಮಿಷನ್ನು ಇನ್ನೆರಡು ಸುತ್ತು ತಿರುಗಿ ನಿಂತಿತು. ಅಪ್ಪ ಎದ್ದು, ಮೇಜಿನ ಮೇಲಿದ್ದ ಬಟ್ಟೆಯ ತುಂಡುಗಳನ್ನು ತಲೆದಿಂಬು ಮಾಡಿಕೊಂಡು ಅಲ್ಲೇ ಮಲಗಿದ. ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ.

ಬೆಳಗ್ಗೆ ಎದ್ದು ಹಾಡನ್ನು ಮನಸ್ಸಿನಲ್ಲಿ ಹುಡುಕಿದೆ. ಇರಲಿಲ್ಲ. ರೆಕಾರ್ಡಿಂಗ್ ಹಾಕಿದೆ. ಅಪ್ಪನ ದನಿ ಕೇಳಿಸಿತು, ರಾಗವೂ ಕೇಳಿಸಿತು, ಚೆನ್ನಾಗಿತ್ತು. ನಿಲ್ಲಿಸಿದ ಕೂಡಲೇ ಒಂದು ಸ್ವರವೂ ಉಳಿಯಲಿಲ್ಲ. ಅತ್ತೆ, ತುಂಬ ಅತ್ತೆ. ಆಮೇಲೆ ಅಪ್ಪ ತಿಂಡಿ ತಿನ್ನುವುದನ್ನು ನೋಡಿದೆ. ಪಾದ ನೆಲದ ಮೇಲೆ ಸುಮ್ಮನೆ ಕೂತಿತ್ತು. ಇನ್ನೊಂದು ದೋಸೆ ಎಂದು ಅಮ್ಮನಿಗೆ ಸನ್ನೆ ಮಾಡಿದ.

ಐರಿನ್‌ಗೆ ಮಾತ್ರ ಆ ಹಾಡು ಹಾಗೆಯೇ ನೆನಪಿದೆ. ಅವಳು ನಮ್ಮೂರಿನವಳಲ್ಲವಲ್ಲ. ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಮಾತಾಡುತ್ತಿದ್ದಾಗ ಅವಳು ಹಿಂಜರಿಯುತ್ತ, "ನಿನ್ನ ಪಪ್ಪನ ಹಾಡು ನನಗೆ ಬರ್ತದೆ. ನುಡಿಸಿದ್ರೆ ಬೇಜಾರಾ?" ಎಂದು ಮೆಲ್ಲಗೆ ಕೇಳಿದಳು. ನುಡಿಸು ಎಂದೆ. ಅವಳು ಹೇಳಿರದಿದ್ದರೆ ಅದು ಯಾವ ಹಾಡೆಂದು ನನಗೆ ತಿಳಿಯುತ್ತಲೂ ಇರಲಿಲ್ಲ. ಗುಂಡಿ ಹಚ್ಚುತ್ತಿದ್ದ ಅಪ್ಪ ಕೈ ನಿಲ್ಲಿಸಿ, ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತು ಕೇಳಿದ. ಮುಗಿದ ಮೇಲೆ ಹುಬ್ಬೆತ್ತಿ, ಯಾರ ಹಾಡು ಎಂದು ಕೈ ತಿರುಗಿಸಿದ.

ನಿನ್ನದೇ ಎಂದು ಹೇಳಬಹುದಿತ್ತು. ಅವನ ಮುಖ ಅಷ್ಟು ನಿರಾಳವಾಗಿತ್ತು. "ಐರಿನ್‌ದು ಅಪ್ಪ" ಎಂದೆ.

ಬಹಳ ಚೆನ್ನಾಗಿದೆ ಎಂದು ತಲೆದೂಗಿದ. ಪರದೆಯ ಕಡೆ ತೋರಿಸಿ, ನನ್ನನ್ನು ತೋರಿಸಿ, ಬೆರಳಿನಿಂದ ನನ್ನ ಎದೆಗೆ ಎರಡು ಸಲ ತಟ್ಟಿದ. ಕಲಿತುಕೋ, ಬಿಡಬೇಡ ಎಂದು. ಆಗಲಿ ಅಪ್ಪ ಎಂದೆ. ಅವನು ಹೋಗಿ ಗುಂಡಿ ಹಚ್ಚಲು ಕೂತ ಮೇಲೆ ಐರಿನ್‌ಗೆ ಹೇಳಿದೆ, "ಇನ್ನೊಂದ್ಸಲ ಮೊದಲಿಂದ ನುಡಿಸೇ. ನಾನು ಕಲೀಬೇಕಂತೆ."